ಅರ್ಧಕ್ಕೆ ನಿಂತ ಬಾವುಟ

ಎಲ್ಲಕ್ಕೂ ಕಾರಣ ಹಗ್ಗದಲ್ಲಿದ್ದ ಒಂದು ಗಂಟು. ದ್ರಾಕ್ಷಿಯಷ್ಟೂ ದಪ್ಪವಿರಲಿಲ್ಲ.

ಅಂದು ಥೋರ್ಕಿಲ್ ಅಜ್ಜನಿಗೆ ತೊಂಬತ್ತು ತುಂಬಿತ್ತು. ಸ್ಕಾರ್ವಿಗ್ ಬಂದರಿನ ಗುಡ್ಡದ ಮೇಲಿನ ಹಳೇ ದೀಪಸ್ತಂಭವನ್ನು ನಲವತ್ತು ವರ್ಷ ಕಾದವನು. ಮಂಡಿ ಕೈಕೊಟ್ಟ ಮೇಲೆ ಗುಡ್ಡ ಹತ್ತುವುದನ್ನು ಬಿಟ್ಟಿದ್ದ. ಎರಡು ವರ್ಷದಿಂದ ನೋಡಬಂದವರಿಗೆ ದೀಪ ತೋರಿಸುತ್ತಿದ್ದವನು ಮೊಗೆನ್ಸ್. ಆದರೆ ದಿನಾ ಬೆಳಿಗ್ಗೆ ಅಜ್ಜನ ಮನೆಗೆ ಹೋಗಿ ಕೀಲಿಕೈ ಬೇಡಿ ತರಬೇಕು. ಐವತ್ತು ವರ್ಷದ ಬಾಳಿನಲ್ಲಿ ಅವನು ಮನಸಾರೆ ಮೆಚ್ಚಿದ ಕೆಲಸ ಅದೊಂದೇ.

"ನನ್ನ ಹುಟ್ಟುಹಬ್ಬಕ್ಕೆ ಬಾವುಟ ಸರಿಯಾಗಿ ಏರಿಸು. ಕೆಲಸಾನೂ ನಿಂದೇ, ಕೀಲಿಕೈನೂ ನಿಂದೇ," ಎಂದು ಅಜ್ಜ ಮಾತು ಕೊಟ್ಟಿದ್ದ.

ಬೆಳಿಗ್ಗೆ ಎಂಟಕ್ಕೆ ಮೊಗೆನ್ಸ್ ದೀಪಸ್ತಂಭದ ಅಂಗಳದ ಬಾವುಟಗಂಬದ ಹಗ್ಗ ಎಳೆದ. ಬಾವುಟ ಠೀವಿಯಿಂದ ಏರಿ, ಕಂಬದ ನಡುವಿಗೆ ಬಂದು ನಿಂತೇಬಿಟ್ಟಿತು. ಗಂಟು ತುದಿಯ ರಾಟೆಗೆ ಸಿಕ್ಕಿಕೊಂಡಿತ್ತು. ಜಗ್ಗಿದ, ಜೋತುಬಿದ್ದ, ಬೈದ. ಊಹೂಂ.

ಮೊದಲು ಓಡಿಬಂದವಳು ಬೇಕರಿಯ ಸಿಗ್ನೆ.

"ಅಯ್ಯೋ, ಅಜ್ಜ ಹೋಗ್ಬಿಟ್ರಾ? ಹುಟ್ಟಿದ ದಿನಾನೇ! ಕೇಕ್ ಮೇಲೆ ಹೆಸರು ಬರೆದಾಗಿತ್ತಲ್ಲೋ!"

"ಯಾರೂ ಸತ್ತಿಲ್ಲ ಸಿಗ್ನೆ. ಹಗ್ಗ ಸಿಕ್ಕಾಕ್ಕೊಂಡಿದೆ."

"ದುಃಖದಲ್ಲಿ ಏನೇನೋ ಬಡಬಡಿಸ್ತಿದೀಯ. ಬಾವುಟ ಅರ್ಧಕ್ಕೆ ನಿಂತ್ರೆ ಸಾವು, ಮಣ್ಣು ಮಾಡಿದ್ಮೇಲೇ ತುದಿಗೆ. ನಂಗೇನು ಗೊತ್ತಿಲ್ವಾ? ಕೂತ್ಕೋ, ನೀರು ಕುಡಿ."

ಕೆಳಗೆ ಬಂದರಿನಲ್ಲಿ ಒಂದೊಂದೇ ದೋಣಿಯ ಬಾವುಟ ಅರ್ಧಕ್ಕಿಳಿಯತೊಡಗಿತು. ಮೊಗೆನ್ಸನ ಎದೆಯೂ ಜೊತೆಜೊತೆಗೇ ಇಳಿಯಿತು. ಒಂಬತ್ತರ ಹೊತ್ತಿಗೆ ಅರ್ಧ ಊರು ಹೂವು, ಹೆರಿಂಗ್ ಮೀನಿಟ್ಟ ರೊಟ್ಟಿ ಹಿಡಿದು ಗುಡ್ಡ ಹತ್ತಿತ್ತು. ಎಲ್ಲರೂ ಅವನ ಬೆನ್ನು ತಟ್ಟಿದರು, ಒಬ್ಬರೂ ಅವನ ಮಾತು ಕೇಳಲಿಲ್ಲ.

ಅಷ್ಟರಲ್ಲಿ ದೋಣಿಯವ ಪ್ರೆಬೆನ್ ಕೆಳಗಿನಿಂದ ಫೋನ್ ಮಾಡಿದ. "ಅಜ್ಜನ ಮನೆ ಬಾಗಿಲು ಬಡಿದೂ ಬಡಿದೂ ಸಾಕಾಯ್ತು ಮಾರಾಯ. ಒಳಗೆ ಉಸಿರಿಲ್ಲ."

ಮೊಗೆನ್ಸ್ ಹಗ್ಗ ಬಿಟ್ಟು ಗುಡ್ಡದ ಮೆಟ್ಟಿಲಿನತ್ತ ಓಡಿದ. ನಿಜವಾಗಿಯೂ ಹೋಗಿಬಿಟ್ಟನೇ?

ಆಗ ಮೆಟ್ಟಿಲ ತಿರುವಿನಲ್ಲಿ ಕಪ್ಪು ಕೋಟೊಂದು ಕಾಣಿಸಿತು. ಥೋರ್ಕಿಲ್ ಅಜ್ಜ! ಏದುಸಿರು, ಕೈಯಲ್ಲಿ ಬಿಳಿ ಹೂವು.

"ಯಾರಪ್ಪಾ ಹೋಗಿದ್ದು?"

"ನೀವೇ," ಎಂದಳು ಸಿಗ್ನೆ.

ಮೊಗೆನ್ಸನಿಗೆ ಹೋದ ಜೀವ ಬಂದಂತಾಯಿತು. ಅಜ್ಜನನ್ನು ತಬ್ಬಿಕೊಂಡು ಗಂಟಿನ ಕತೆಯೆಲ್ಲ ಒಪ್ಪಿಸಿದ. ಅಜ್ಜ ಹಗ್ಗವನ್ನು ಸಡಿಲಬಿಟ್ಟು ಓರೆಯಾಗಿ ಒಂದೇ ಸಲ ಜಗ್ಗಿದ. ಬಾವುಟ ಸರ್ರನೆ ತುದಿಗೇರಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಊರೂ ನಕ್ಕಿತು. ಸಾವಿಗೆ ತಂದ ರೊಟ್ಟಿ ಹುಟ್ಟುಹಬ್ಬಕ್ಕೆ ಖರ್ಚಾಯಿತು.

"ಬೈಯಲ್ವಾ ಅಜ್ಜ?"

"ಯಾಕೋ ಬೈಲಿ? ಈ ಮಂಡಿ ಮುಗೀತು ಅಂದ್ಕೊಂಡಿದ್ದೆ. ಗಾಬರೀಲಿ ನೂರಾ ಎಂಬತ್ತು ಮೆಟ್ಟಿಲು ಹತ್ತಿದೀನಿ, ಒಂದು ಸಲಾನೂ ನೋಯ್ಲಿಲ್ಲ! ಎಲ್ಲಾ ನಿನ್ನ ಪುಣ್ಯ."

ಮೊಗೆನ್ಸ್ ಹಿಗ್ಗಿ ಕೈ ಚಾಚಿದ. ಅಜ್ಜ ಕೀಲಿಕೈ ತೆಗೆದು, ಕೋಟಿಗೆ ಒರೆಸಿ, ತನ್ನ ಜೇಬಿಗೇ ಮರಳಿ ಇಳಿಸಿದ.

"ನಾಳೆಯಿಂದ ನಾನೇ ಬರ್ತೀನಿ ಕಣಯ್ಯಾ."

ಮಧ್ಯಾಹ್ನ ಮೊಗೆನ್ಸ್ ಬಂದರಿಗೆ ಇಳಿದಾಗ ಪ್ರೆಬೆನ್ ತನ್ನ ದೋಣಿಯ ಬಾವುಟ ಮತ್ತೆ ತುದಿಗೇರಿಸಲು ಹಗ್ಗ ಬಿಚ್ಚುತ್ತಿದ್ದ.

"ಗುಡ್ಡದ ಬಾವುಟ ತುದಿಗೇರ್ತಲ್ಲ. ಇಷ್ಟು ಬೇಗ ಮಣ್ಣು ಮಾಡ್ಬಿಟ್ರಾ?"

"ಹೂಂ."

"ಪಾಪ, ಅಜ್ಜ..."

"ಅಜ್ಜ ಗುಂಡುಕಲ್ಲಿನ ಹಾಗಿದಾರೆ. ಮಣ್ಣಾಗಿದ್ದು ನನ್ನ ಕೆಲಸ."

ಪ್ರೆಬೆನ್ ಟೋಪಿ ತೆಗೆದ. ಬಾವುಟವನ್ನು ಅರ್ಧಕ್ಕೇ ಬಿಟ್ಟು ಹಗ್ಗ ಕಟ್ಟಿದ.