ಪೊರಕೆ ಹಿಡಿದ ಕಾವಲು

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ನನ್ನ ವಾರಗಿತ್ತಿಯಂಥ ಮೊಂಡಿ ಬಸವೇಶ್ವರನಗರದಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ, ನಾನು ಲಗ್ಗೆರೆಗೆ ಮನೆ ಬದಲಾಯಿಸುತ್ತೇನೆ. ಇಬ್ಬರಿಗೂ ಗಂಡಂದಿರಿಲ್ಲ. ಒಂದೇ ಮನೆ, ಒಂದೇ ಒಲೆ. ಜಗಳ ಬಿಟ್ಟು ನಮಗೆ ಬೇರೆ ಕೆಲಸ ಏನಿದೆ?

ಅವಳಿಗೆ ಕಾವಲಿನ ಹುಚ್ಚು. ಬೆಳಗಾದರೆ ಪೊರಕೆ ಹಿಡಿದು ಗೇಟಿನ ಬಳಿ ಕೂರುವಳು. ಮೀಟರ್ ನೋಡಲು ಬಂದವನು ಕಳ್ಳ, ಕೊರಿಯರಿನವನು ಕಳ್ಳ, ಮಹಡಿಯ ಬಾಡಿಗೆಯವರ ನೆಂಟರೆಲ್ಲ ಕಳ್ಳರು. ನನ್ನ ಗಂಡ ಬದುಕಿದ್ದಾಗ ಒಂದು ಚಳಿಗಾಲದ ಬೆಳಿಗ್ಗೆ ಮಂಕಿ ಟೋಪಿ ಹಾಕಿಕೊಂಡು ಹಾಲು ತಂದರೆ, ಅವರಿಗೂ ಪೊರಕೆ ಏಟು ಬಿತ್ತು. ಸ್ವಂತ ಭಾವ! ಹಾಲೆಲ್ಲ ರಂಗೋಲಿಯ ಮೇಲೆ.

ಇಂಥವಳ ಕಾಲಿನ ಮೇಲೆ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕೆಗಳೆದ್ದವು. ಹಲ್ಲುಜ್ಜಿದರೆ ರಕ್ತ. ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ ತೀರ ಕಡಿಮೆ ಎಂದು ಬಂತು. ನಮ್ಮ ಬೀದಿಗೆ ಪ್ಲೇಟ್‌ಲೆಟ್ ಅಂದರೆ ಡೆಂಗಿ, ಡೆಂಗಿ ಅಂದರೆ ಪಪ್ಪಾಯಿ ಎಲೆ. ಎದುರು ಮನೆಯವರು, ಪಕ್ಕದ ಮನೆಯವರು, ಎಲ್ಲರೂ ರಸ ಹಿಂಡಿ ತಂದರು. ಜ್ವರವೇ ಇಲ್ಲವಲ್ಲ ಎಂದು ಕೇಳಿದವರು ಯಾರು? ಇವಳು ಲೋಟಗಟ್ಟಲೆ ಕುಡಿದು ವಾಂತಿ ಮಾಡಿದಳು, ಒರೆಸಿದ್ದು ನಾನು.

ಕೊನೆಗೆ ಬೈದು, ಆಟೋ ಹತ್ತಿಸಿ, ರಕ್ತದ ಕಾಯಿಲೆ ನೋಡುವ ಡಾಕ್ಟರಮ್ಮನ ಬಳಿ ಕರೆದೊಯ್ದೆ.

"ಇದು ಡೆಂಗಿ ಅಲ್ಲಮ್ಮ," ಎಂದರು ಅವರು. "ರೋಗ ಬಂದ್ರೆ ಹೊಡೆಯೋಕೆ ಮೈಯಲ್ಲಿ ಆಂಟಿಬಾಡಿ ಅಂತ ಇರ್ತವೆ. ನಿಮ್ಮಲ್ಲಿ ಅವು ರಕ್ತ ಸೋರದಂತೆ ತಡೆಯೋ ನಿಮ್ಮ ಪ್ಲೇಟ್‌ಲೆಟ್‌ಗೇ ಅಂಟ್ಕೊಂಡು, ಇದು ಹೊರಗಿನದು ಅಂತ ಗುರುತು ಹಾಕ್ತಿವೆ. ಗುರುತು ಬಿದ್ದಿದ್ದನ್ನ ಹೊಟ್ಟೆಯ ಎಡಗಡೆ ಇರೋ ಗುಲ್ಮ ನುಂಗಿಹಾಕುತ್ತೆ."

"ಗೊತ್ತಾಯ್ತು ಬಿಡಿ," ಎಂದೆ. "ಇವಳಂಥೋಳೇ ಒಬ್ಬಳು ಇವಳೊಳಗೆ ಪೊರಕೆ ಹಿಡ್ಕೊಂಡು ಕೂತಿದ್ದಾಳೆ."

ಡಾಕ್ಟರಮ್ಮ ನಕ್ಕರು. ಇವಳು ನಗಲಿಲ್ಲ. ಆ ಕಾವಲಿನ ಸೊಕ್ಕು ಇಳಿಸಲು ಅವರು ಮಾತ್ರೆ ಬರೆದುಕೊಟ್ಟರೆ, ಮನೆಗೆ ಬಂದವಳೇ ಅದನ್ನು ಆಚೆ ತಳ್ಳಿದಳು.

"ಕಾವಲು ಇಳಿಸೋ ಮಾತ್ರೆ ನಾನು ತಿನ್ನಲ್ಲ ಅಕ್ಕ. ನಾಳೆ ಇನ್ನೊಂದು ರೋಗ ನುಗ್ಗಿದ್ರೆ?"

"ಇರೋ ರೋಗಕ್ಕೇ ಸಾಯ್ತೀಯ ಕಣೇ. ತಲೆಯೊಳಗೆ ರಕ್ತ ಸೋರಿದ್ರೆ ಕಷ್ಟ ಅಂತ ಹೇಳಲಿಲ್ವಾ ಅವರು?"

"ಸಾಯಲ್ಲ. ನಾನು ಸತ್ರೆ ಗೇಟ್ ನೋಡ್ಕೊಳ್ಳೋರು ಯಾರು?"

ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ತಟ್ಟೆಗೆ ಮುದ್ದೆ ಕುಕ್ಕಿ ಮಾತು ಬಿಟ್ಟೆ.

ಮಾರನೆಯ ಸಂಜೆ ಕೊರಿಯರಿನವನ ಮೇಲೆ ಕಿರುಚುತ್ತಿದ್ದವಳ ಮೂಗಿನಿಂದ ರಕ್ತ ಕಿತ್ತುಕೊಂಡು ಬಂತು. ಮೂಗು ಅದುಮಿ ಹಿಡಿದು, ಬಾಯಿಗೆ ಬಂದಂತೆ ಬೈಯುತ್ತಾ ಕೂತೆ. ಅದು ನಿಲ್ಲುವಷ್ಟರಲ್ಲಿ ನನ್ನ ಸೆರಗೆಲ್ಲ ನೆನೆದಿತ್ತು. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಅವತ್ತು ಟೋಪಿ ಜಾರಿ ಭಾವನ ಮುಖ ಕಾಣಿಸ್ತು, ಹೊಡೆಯೋದು ನಿಲ್ಲಿಸ್ದೆ ಅಕ್ಕ. ನನ್ನೊಳಗೆ ಪೊರಕೆ ಹಿಡ್ಕೊಂಡಿರೋವಕ್ಕೆ ಮುಖ ತೋರಿಸೋರು ಯಾರು?"

ಅವಳು ಆಚೆ ತಳ್ಳಿದ್ದ ಮಾತ್ರೆ ಹುಡುಕಿ ತೆಗೆದಿಟ್ಟೆ.

ಮರುದಿನ ಬೆಳಿಗ್ಗೆ ಇಡ್ಲಿ ತಿನ್ನಿಸಿ, ಅವಳು ಮಾತ್ರೆ ನುಂಗಿ ಬಾಯಿ ತೆರೆದು ತೋರಿಸುವವರೆಗೂ ಎದುರಿಗೆ ನಿಂತೆ. ಆಮೇಲೆ ಪೊರಕೆ ತೆಗೆದುಕೊಂಡು ಹೋಗಿ ಗೇಟಿನ ಬಳಿ ನಾನೇ ಕೂತೆ.