ಗೌರಿಯ ಬಾಲ, ಅಪ್ಪನ ಬ್ರಷ್ಷು

ಟಕ್, ಟಕ್, ಟಕ್. ಹಿತ್ತಾಳೆ ಚೆಂಬಿನ ಅಂಚಿಗೆ ಮರದ ಹಿಡಿ ಮೂರು ಸಲ ಬಡಿದ ಸದ್ದು. ನಾನು ಚಿಕ್ಕವಳಿದ್ದಾಗ ದೇವಲಾಪುರದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಕೋಳಿ ಕೂಗಿನಿಂದಲ್ಲ, ಈ ಸದ್ದಿನಿಂದ. ಜಗಲಿಯ ಮೇಲೆ ಕೂತ ಅಪ್ಪ ಶೇವಿಂಗ್ ಬ್ರಷ್ಷಿನ ನೀರನ್ನು ಹೀಗೆ ಕೊಡವಿದರೆಂದರೆ ಇನ್ನು ಕತ್ತಿ ಗಂಟಲಿಗೆ ಬರುತ್ತದೆಂದು ಅರ್ಥ. ಆಮೇಲೆ ಮನೆಯಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ. ಮುಂದೆ ನನ್ನನ್ನು ಮೈಸೂರಿನ ಕಾನ್ವೆಂಟಿಗೆ ಸೇರಿಸಿದಾಗ, ಹಾಸ್ಟೆಲ್ಲಿನ ಸಿಸ್ಟರ್ ದೊಡ್ಡ ಕೈಗಂಟೆ ಅಲ್ಲಾಡಿಸಿ, ಕಣ್ಣು ಕೆಂಪು ಮಾಡಿ, 'ಪಿನ್ ಡ್ರಾಪ್ ಸೈಲೆನ್ಸ್, ಗರ್ಲ್ಸ್' ಎಂದು ಕೂಗಿದರೂ ಅಷ್ಟು ನಿಶ್ಶಬ್ದ ಸಿಗುತ್ತಿರಲಿಲ್ಲ. ಅಪ್ಪನಿಗೆ ಒಂದು ಹಿಡಿ ಕುದುರೆ ಕೂದಲು ಸಾಕಾಗಿತ್ತು.

ಕುದುರೆ ಕೂದಲು ಎಂದರೆ ಅಂಗಡಿಯಿಂದ ತಂದದ್ದಲ್ಲ. ನಮ್ಮ ಜಟಕಾಕ್ಕೆ ಕಟ್ಟುತ್ತಿದ್ದ ಹೆಣ್ಣುಕುದುರೆ ಗೌರಿಯ ಬಾಲದ್ದು. ಊರಿನಲ್ಲಿ ಕ್ಷೌರ ಮಾಡುತ್ತಿದ್ದ ಚೆಲುವಯ್ಯ ಅದನ್ನು ಆರಿಸಿ ತಂದು, ತೊಳೆದು, ನೂಲಿನಿಂದ ಬಿಗಿದು, ಬುಡಕ್ಕೆ ಅರಗು ಹುಯ್ದು ಹಲಸಿನ ಮರದ ಹಿಡಿಯೊಳಗೆ ಕೂರಿಸಿಕೊಟ್ಟಿದ್ದ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಗೌರಿ ತೀರಿಕೊಂಡಳು. ಅವಳ ಬಾಲ ಮಾತ್ರ ಅಪ್ಪನ ಕೆನ್ನೆಯ ಮೇಲೆ ಇನ್ನೂ ಎಷ್ಟೋ ವರ್ಷ ಓಡಾಡಿಕೊಂಡಿತ್ತು.

ಈಗ ನನ್ನ ಕನ್ಫೆಷನ್. ಅಪ್ಪ ಹೋದಾಗ ಆ ಬ್ರಷ್ಷನ್ನು ಕದ್ದವಳು ನಾನು. ನಮ್ಮ ಮನೆಯ ಪದ್ಧತಿಯಲ್ಲಿ ಹೋದವರ ಕ್ಷೌರದ ಪೆಟ್ಟಿಗೆ ಹನ್ನೊಂದನೇ ದಿನ ಅವರ ತಲೆ ಮುಟ್ಟುತ್ತಿದ್ದವನಿಗೇ ಸಲ್ಲಬೇಕು. ಅಂದರೆ ಚೆಲುವಯ್ಯನಿಗೆ. ಹತ್ತನೇ ದಿನ ನಾನು ಬ್ರಷ್ಷನ್ನು ನನ್ನ ವ್ಯಾನಿಟಿ ಬ್ಯಾಗಿಗೆ ಸೇರಿಸಿಬಿಟ್ಟೆ. ಮರುದಿನ ಚೆಲುವಯ್ಯ ಪೆಟ್ಟಿಗೆ ತೆರೆದ, ಒಮ್ಮೆ ಒಳಗೆ ನೋಡಿದ, ಒಮ್ಮೆ ಸೂರು ನೋಡಿದ, ಮುಚ್ಚಿ ಕಂಕುಳಿಗೆ ಇಟ್ಟುಕೊಂಡು ಹೋದ. ಬ್ರಷ್ಷೆಲ್ಲಿ ಎಂದು ಅಣ್ಣ ಕೇಳಿದ್ದಕ್ಕೆ ನಾನು ಇಲಿ ತಿಂದಿರಬೇಕು ಅಂದೆ. ಮಾರಲ್ ಸೈನ್ಸಿನಲ್ಲಿ ಫಸ್ಟ್ ಪ್ರೈಜ್ ತೆಗೆದುಕೊಂಡ ಹುಡುಗಿ ನಾನು!

ಆಮೇಲೆ ನಲವತ್ತು ವರ್ಷ ಅದು ಶ್ರೀರಂಗಪಟ್ಟಣದ ನನ್ನ ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ ಮಲಗಿತ್ತು. ಹೋದ ವರ್ಷ ಒಂದು ಬುಧವಾರ ಕೆ.ಆರ್. ಪೇಟೆಯಿಂದ ಫೋನ್ ಬಂತು. ಅಣ್ಣನ ಸೊಸೆ ಶೋಭಾ. ಅತ್ತಿಗೆ ತೀರಿಕೊಂಡು ಮೂರು ತಿಂಗಳಾಗಿತ್ತು. ಅಣ್ಣ ರಿಟೈರ್ಡ್ ಹೆಡ್‌ಮಾಸ್ಟರು, ಗಡ್ಡ ಬಿಟ್ಟ ಮೇಷ್ಟ್ರುಗಳನ್ನು ಕಂಡರೆ ಮುಖ ಸಿಂಡರಿಸುತ್ತಿದ್ದವನು. "ಅತ್ತೆ, ಮಾವ ಗಡ್ಡ ಬುಟ್ಕೊಂಡು ಕೂತವ್ರೆ. ಗೇಟು ದಾಟ್ತಿಲ್ಲ. ಕ್ಷೌರದವರ್ನ ಮನೆಗೆ ಕರೆಸುದ್ರೆ ವಾಪಸ್ ಕಳಿಸ್ತಾರೆ," ಅಂದಳು. ಬಹಳ ಬಲವಂತ ಮಾಡಿದ ಮೇಲೆ ಅಣ್ಣ ಒಂದು ಷರತ್ತು ಹಾಕಿದ್ದನಂತೆ: ಅಪ್ಪನ ಬ್ರಷ್ಷು ಸಿಕ್ಕಿದರೆ ಶೇವ್ ಮಾಡಿಕೊಳ್ಳುತ್ತೇನೆ, ಇಲ್ಲದಿದ್ದರೆ ಸುಮ್ಮನಿರಿ. ಇಲಿ ತಿಂದ ಬ್ರಷ್ಷು ಎಲ್ಲಿಂದ ತರೋದು ಎಂದು ಪಾಪ ಶೋಭಾ ಅಳುತ್ತಿದ್ದಳು. ನಾನಿಲ್ಲಿ ಫೋನ್ ಹಿಡಿದುಕೊಂಡೇ ಎದ್ದು ನಿಂತಿದ್ದೆ. ಇಡೀ ಜಗತ್ತಿನಲ್ಲಿ ಅಣ್ಣನನ್ನು ಗೇಟಿನಿಂದಾಚೆ ತರುವ ವಸ್ತು ಒಂದೇ ಒಂದು, ಅದು ನನ್ನ ಧರ್ಮಾವರಂ ಸೀರೆಯ ಕೆಳಗಿದೆ! ಮಂಡಿ ನೋವೆಂದು ಬಸ್ಸು ಹತ್ತುವುದನ್ನೇ ಬಿಟ್ಟಿದ್ದವಳು ಭಾನುವಾರ ಬರುತ್ತೇನೆ ಎಂದುಬಿಟ್ಟೆ.

ತೆಗೆದು ನೋಡಿದರೆ ಬ್ರಷ್ಷಿನ ಕೂದಲು ಅಂಟಿಕೊಂಡು, ಹಳೆಯ ಸೋಪು ಗಟ್ಟಿಯಾಗಿ, ಒಣಗಿದ ಹೂಕೋಸಿನ ಹಾಗೆ ಕೂತಿತ್ತು. ಕೂದಲೆಂದರೆ ಕೂದಲೇ ತಾನೇ ಎಂದು ನನ್ನ ತಲೆಗೆ ಮಾಡುವುದನ್ನೆಲ್ಲ ಅದಕ್ಕೂ ಮಾಡಿದೆ. ಹರಳೆಣ್ಣೆ ಹಚ್ಚಿ ನೆನೆಸಿದೆ, ಸೀಗೆಪುಡಿ ಹಾಕಿ ಉಜ್ಜಿದೆ, ಮೊಮ್ಮಗಳ ಕಂಡೀಶನರನ್ನೂ ಬಳಿದೆ. ಶುಕ್ರವಾರವಾದ್ದರಿಂದ ಸಾಂಬ್ರಾಣಿ ಹೊಗೆಯನ್ನೂ ಹಿಡಿದೆ. ಆಮೇಲೆ ಬುಡದಿಂದ ಬಾಚಣಿಗೆ ಎಳೆದೆ. ಗೌರಿಯ ಹನ್ನೊಂದು ಕೂದಲು ಒಟ್ಟಿಗೆ ಕೈಗೆ ಬಂದವು. ಉಳಿದದ್ದು ತೆಂಗಿನ ನಾರಿನ ಉಂಡೆಯಾಗಿ, ದೇವರಮನೆಯ ವಾಸನೆ ಬೀರುತ್ತಾ ಕೂತಿತು. ಇದನ್ನು ಯಾರ ಕೆನ್ನೆಗೆ ಹಚ್ಚುವುದು?

ಶ್ರೀರಂಗಪಟ್ಟಣದ ಕೋಟೆಯ ಹತ್ತಿರ ಚೆಲುವಯ್ಯನ ಮಗ ಸಿದ್ದಯ್ಯನ ಸಲೂನ್ ಇದೆ. ಅವನಿಗೂ ಎಪ್ಪತ್ತಾಗಿದೆ. ಇಷ್ಟು ವರ್ಷ ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ನಾನು ಎದುರಿನ ಫುಟ್‌ಪಾತಿನಲ್ಲಿ ನಡೆಯುತ್ತಿದ್ದೆ. ಕಾರಣ ನಿಮಗೆ ಗೊತ್ತಾಗಿದೆ. ಶನಿವಾರ ಬೆಳಿಗ್ಗೆ ವಿಧಿಯಿಲ್ಲದೆ ಒಳಗೆ ಹೋದೆ. ಹೆಂಗಸರು ಕಾಲಿಡದ ಜಾಗ. ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಒಬ್ಬರು ಕನ್ನಡಿಯಲ್ಲಿ ನನ್ನನ್ನು ನೋಡಿ ಟವೆಲ್ ಎಳೆದುಕೊಂಡರು. ನನ್ನದಲ್ಲ, ಯಾರೋ ಕೊಟ್ಟದ್ದು ಎಂದು ಶುರು ಮಾಡಿ ಬ್ರಷ್ಷನ್ನು ಮುಂದಿಟ್ಟೆ. ಸಿದ್ದಯ್ಯ ಮೂಸಿ ನೋಡಿದ. "ಇದೇನವ್ವಾರೆ, ಇದ್ಕೆ ಅಬ್ಬದ ನೀರು ಹುಯ್ದಿದ್ದೀರಾ?" ಎಂದ. ಆಮೇಲೆ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ನಮ್ಮಪ್ಪ ಕಟ್ಟಿದ್ದಲ್ವಾ ಇದು?" ಎಂದ ಮೆಲ್ಲಗೆ. ನಾನು ಕಾನ್ವೆಂಟಿನ ಹುಡುಗಿಯ ಹಾಗೆ ತಲೆ ತಗ್ಗಿಸಿ ಹೂಂ ಅಂದೆ. "ನಮ್ಮಪ್ಪ ಸಾಯಗಂಟ ಏಳೋನು. ಗೌಡ್ರ ಮಗಳು ಬ್ರಸ್ಸು ಎತ್ಕೊಂಡ್ಲು, ಎತ್ಕೊಳ್ಲಿ ಬುಡು, ಅವ್ಳ್ಗೆ ಅಪ್ಪನ ಕೆನ್ನೆ ಬೇಕಾಗಿತ್ತು ಅಂತ."

ನಲವತ್ತು ವರ್ಷ ಎದುರಿನ ಫುಟ್‌ಪಾತಿನಲ್ಲಿ ನಡೆದದ್ದು ದಂಡವಾಯಿತು. ನನಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಸಿದ್ದಯ್ಯನಿಗೆ ಅದೆಲ್ಲ ನೋಡಲು ಪುರುಸೊತ್ತಿರಲಿಲ್ಲ. ನೀರು ಉಗುರುಬೆಚ್ಚಗಿರಬೇಕು, ಸುಡುನೀರು ಬಿದ್ದರೆ ಬುಡದ ಅರಗು ಕರಗಿ ಕೂದಲು ಕಿತ್ತುಬರುತ್ತದೆ ಎಂದ. ಸೋಪಿನಿಂದ ಎಣ್ಣೆ ತೆಗೆದು, ಹೊಸ ನೀರಿಗೆ ನಾಲ್ಕು ಹನಿ ನಿಂಬೆರಸ ಹಿಂಡಿ ಅಲುಬಿದ. ಆಮೇಲೆ ಅಗಲ ಹಲ್ಲಿನ ಬಾಚಣಿಗೆ ತೆಗೆದುಕೊಂಡು ಕೂದಲಿನ ತುದಿಯನ್ನಷ್ಟೇ, ಅರ್ಧ ಬೆರಳು ಮಾತ್ರ, ಬಾಚತೊಡಗಿದ. ಅದು ಬಿಟ್ಟಮೇಲೆ ಇನ್ನರ್ಧ ಬೆರಳು. ಬೇಗ ಬೇಗ ಎಂದು ನಾನು ಕುಣಿಯುತ್ತಿದ್ದೆ. "ಸಿಕ್ಕ ತುದಿಯಿಂದ ಬುಡುಸ್ಬೇಕು ಕಣವ್ವಾರೆ. ಮೊದ್ಲೇ ಬುಡಕ್ಕೆ ಕೈ ಹಾಕುದ್ರೆ ಬುಡಾನೇ ಕಿತ್ಕೊಂಡು ಬತ್ತದೆ," ಎಂದು ಗದರಿದ. ಒಂದು ಗಂಟೆಯಲ್ಲಿ ಕೂದಲು ಬಿಡಿಬಿಡಿಯಾಗಿ ನಿಂತಿತು. ಗೌರಿ ನೊಣ ಓಡಿಸುವಾಗ ಇದ್ದ ಹಾಗೆ! ಕೊನೆಗೆ ಹಿಡಿಗೆ ದಾರ ಕಟ್ಟಿ, ಇದನ್ನು ಯಾವಾಗಲೂ ಕೂದಲು ಕೆಳಗಾಗಿ ನೇತುಹಾಕಿ ಒಣಗಿಸಿ, ನಿಲ್ಲಿಸಿದರೆ ನೀರು ಬುಡಕ್ಕೆ ಇಳಿದು ಕೊಳೆಯುತ್ತದೆ ಎಂದು ಬುದ್ಧಿ ಹೇಳಿ ಕಳಿಸಿದ.

ಭಾನುವಾರ ಅದಿನ್ನೂ ಸ್ವಲ್ಪ ತೇವವಾಗಿತ್ತು. ಆಜ್ಞೆ ಎಂದರೆ ಆಜ್ಞೆ. ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ ಕೂತವಳೇ ಬ್ರಷ್ಷನ್ನು ಕಿಟಕಿಯ ಸರಳಿಗೆ ತಲೆಕೆಳಗಾಗಿ ಕಟ್ಟಿದೆ. ಗಾಳಿಗೆ ಅದು ಓಲಾಡುತ್ತಿತ್ತು. ಕಂಡಕ್ಟರ್ ಬಂದು ನನ್ನ ಆಧಾರ್ ಕಾರ್ಡ್ ನೋಡಿದ, ಅದನ್ನೂ ನೋಡಿದ. "ಏನವ್ವ ಅದು, ಕುದ್ರೆ ಬಾಲವಾ?" ಎಂದ.

"ಹೌದು ಕಣಪ್ಪ. ಹೆಣ್ಣುಕುದುರೆ. ಅದಕ್ಕೂ ಫ್ರೀ ತಾನೇ?" ಅಂದೆ.

ಇಡೀ ಬಸ್ಸು ನಕ್ಕಿತು. ನನ್ನ ಮಂಡಿಗಳು ಎಲ್ಲಿವೆ ಎಂಬುದೇ ನನಗೆ ನೆನಪಿರಲಿಲ್ಲ.

ಅಣ್ಣ ವೆರಾಂಡದ ಕುರ್ಚಿಯಲ್ಲಿ, ಗೇಟಿಗೆ ಬೆನ್ನು ಹಾಕಿ ಕೂತಿದ್ದ. ಬಿಳಿ ಗಡ್ಡ ಅಂಗಿಯ ಕೊರಳ ಗುಂಡಿ ಮುಟ್ಟುತ್ತಿತ್ತು. ಯಾಕಣ್ಣ ಹೀಗೆ, ಅತ್ತಿಗೆ ಇದ್ದಿದ್ದರೆ ಏನೆನ್ನುತ್ತಿದ್ದಳು ಎಂಬ ಭಾಷಣವನ್ನು ದಾರಿಯುದ್ದಕ್ಕೂ ರಿಹರ್ಸಲ್ ಮಾಡಿದ್ದೆ. ಅದೆಲ್ಲ ಬುಡದ ಮಾತು ಎಂದು ಹೊಳೆದು ನುಂಗಿಕೊಂಡೆ. ಬ್ಯಾಗಿನಿಂದ ಬ್ರಷ್ಷು ತೆಗೆದು ಅವನ ಮಡಿಲಿಗೆ ಇಟ್ಟೆ, ಅಷ್ಟೆ. ಅಣ್ಣ ಅದನ್ನು ಬಹಳ ಹೊತ್ತು ನೋಡಿದ.

"ಇಲಿ ತಿಂದಿತ್ತಲ್ಲಮ್ಮಿ?"

"ಈಗ ಉಗುಳ್ತು ಕಣಣ್ಣ."

ಅವನ ಗಡ್ಡ ಅಲುಗಿತು. ಒಳಗೆ ನಗುತ್ತಿದ್ದನೆಂದು ತೋರುತ್ತದೆ. ಶೋಭಾ ಓಡಿಹೋಗಿ ಬೆಚ್ಚನೆಯ ನೀರು ತಂದಳು. ಬಿಸಿ ಹೆಚ್ಚಾಯಿತು, ಅರಗು ಕರಗೀತು ಎಂದು ನಾನು ಎಕ್ಸ್‌ಪರ್ಟಿನ ಹಾಗೆ ಕಿರುಚಿದೆ. ಅವಳು ಕತ್ತರಿಯಿಂದ ಗಡ್ಡವನ್ನು ಮೋಟು ಮಾಡಿದಳು, ನಾನು ನೊರೆ ಎಬ್ಬಿಸಿ ಹಚ್ಚಿದೆ. ಕುದುರೆ ಕೂದಲು ಒರಟು. ಅಣ್ಣ ಕಣ್ಣು ಮುಚ್ಚಿ ಮುಖ ಒಡ್ಡಿದ್ದ. ಮಗನ ರೇಜರು ಹಿಡಿಯುವ ಮೊದಲು ಬ್ರಷ್ಷನ್ನು ನನ್ನ ಕೈಯಿಂದ ತೆಗೆದುಕೊಂಡು ಚೆಂಬಿನ ಅಂಚಿಗೆ ಬಡಿದ. ಟಕ್, ಟಕ್, ಟಕ್. ಎಪ್ಪತ್ತೈದು ವರ್ಷದ ನಾನು ತಟ್ಟನೆ ಬಾಯಿ ಮುಚ್ಚಿ ಕನ್ನಡಿ ಹಿಡಿದು ನಿಂತೆ.

ಮುಖ ಒರೆಸಿಕೊಂಡ ಮೇಲೆ ಅಣ್ಣ ಕೇಳಿದ ಮೊದಲ ಮಾತು, ನಿನ್ನ ಮಂಡಿ ನೋವು ಹೇಗಿದೆ ಎಂದು. ಅತ್ತಿಗೆಯ ತಿಥಿಯಾದ ಮೇಲೆ ನಾನು ಕೆ.ಆರ್. ಪೇಟೆಯ ಕಡೆ ತಲೆ ಹಾಕಿರಲಿಲ್ಲ. ಅವಳಿಲ್ಲದ ಆ ಅಡುಗೆಮನೆಯನ್ನು ನೋಡಲಾರದೆ ಪ್ರತಿ ಫೋನಿನಲ್ಲೂ ಮಂಡಿಯ ಮೇಲೆ ಹಾಕುತ್ತಿದ್ದೆ. "ಬಾ ಅಂದ್ರೆ ನೀನು ಬತ್ತಿರ್ಲಿಲ್ಲ ಕಣಮ್ಮಿ. ಬ್ರಷ್ಷು ಬರ್ಬೇಕಾದ್ರೆ ಕಳ್ಳಿ ಜೊತೇಲೇ ಬರ್ಬೇಕಲ್ಲ, ಅದ್ಕೆ ಕೇಳ್ದೆ," ಎಂದ. ನಾನು ಅವನನ್ನು ಗೇಟಿನಿಂದಾಚೆ ಎಳೆಯಲು ಬಂದಿದ್ದೆ. ಅವನು ನನ್ನನ್ನು ನನ್ನ ಗೇಟಿನಿಂದಾಚೆ ಆಗಲೇ ಎಳೆದಾಗಿತ್ತು. ತುದಿಯಿಂದ ಬಿಡಿಸುವುದನ್ನು ಹೆಡ್‌ಮಾಸ್ಟರಿಗೆ ಯಾವ ಸಿದ್ದಯ್ಯನೂ ಕಲಿಸಬೇಕಾಗಿರಲಿಲ್ಲ.

ಎರಡು ತಿಂಗಳ ನಂತರ ಅಣ್ಣ ನಿದ್ದೆಯಲ್ಲೇ ಹೋದ. ಆ ಎರಡು ತಿಂಗಳೂ ದಿನಾ ಶೇವ್ ಮಾಡಿಕೊಂಡು ಪೇಪರ್ ತರಲು ತಾನೇ ಹೋಗುತ್ತಿದ್ದನಂತೆ. ಹನ್ನೊಂದನೇ ದಿನ ಕ್ಷೌರದ ಪೆಟ್ಟಿಗೆ ಕೊಡುವಾಗ ಶೋಭಾ ಒಮ್ಮೆ ಒಳಗೆ ನೋಡಿದಳು, ಒಮ್ಮೆ ಸೂರು ನೋಡಿದಳು. ಬ್ರಷ್ಷು ಈಗ ನಮ್ಮ ಬಚ್ಚಲಿನ ಮೊಳೆಯಲ್ಲಿ ತಲೆಕೆಳಗಾಗಿ ನೇತಾಡುತ್ತಿದೆ. ಹೇಗೆ ಬಂತು ಎಂದು ಕೇಳಬೇಡಿ. ಮಾರಲ್ ಸೈನ್ಸಿನ ಪ್ರೈಜನ್ನು ವಾಪಸ್ ಕೊಡಲು ಸಿದ್ಧಳಿದ್ದೇನೆ.

ಹೋದ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದ ಅವನನ್ನು ನೋಡಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಣ್ಣನನ್ನು ಕೊನೆಯ ಸಲ ನೋಡಿದ್ದು ಆ ಭಾನುವಾರ ಸಂಜೆಯೇ. ಗೇಟು ದಾಟಿ, ಬಸ್ ಸ್ಟಾಪಿನವರೆಗೂ ನಡೆದು ಬಂದು, ಬಸ್ಸು ಹೊರಟಾಗ ಕೈ ಎತ್ತಿ ಬೀಸುತ್ತಾ ನಿಂತಿದ್ದ. ಅವನ ಎಡಗಿವಿಯ ಕೆಳಗೆ ಒಂದು ಚೂರು ನೊರೆ ಒಣಗಿ ಬೆಳ್ಳಗೆ ಉಳಿದಿತ್ತು. ಬೆಳಿಗ್ಗೆಯಿಂದ ನೋಡಿಯೂ ನಾನು ಹೇಳಿರಲಿಲ್ಲ. ಆಗಲೂ ಹೇಳಲಿಲ್ಲ. ಹೇಳಿದ್ದರೆ ಒರೆಸಿಕೊಳ್ಳಲು ಆ ಕೈ ಇಳಿಸಿಬಿಡುತ್ತಿದ್ದ.