ಅಟ್ಟದ ಇಲಿ, ಕೊಬ್ಬರಿ ಗಿಣಿ

ಎಲ್ಲಾ ಶುರುವಾದದ್ದು ಒಂದು ಸ್ವೆಟರಿನಿಂದ.

ಹೆಡ್ ಗುಮಾಸ್ತ ತೋಂಟದಾರ್ಯರಿಗೆ ಐವತ್ತು ತುಂಬಿದ ದಿನ ಹೆಂಡತಿ ವಿಮಲಮ್ಮ ತಾವೇ ಕೈಯಾರೆ ಹೆಣೆದ ಮೆರೂನ್ ಬಣ್ಣದ ಸ್ವೆಟರೊಂದನ್ನು ಕೊಟ್ಟರು. ಮಗಳು ಮದುವೆಯಾಗಿ ತುರುವೇಕೆರೆ ಸೇರಿದ್ದಳು, ಮಗ ತುಮಕೂರಿನ ಹಾಸ್ಟೆಲಿನಲ್ಲಿದ್ದ. ತಿಪಟೂರಿನ ಮನೆಯಲ್ಲಿ ಉಳಿದವರು ಗಂಡಹೆಂಡತಿ ಇಬ್ಬರೇ. ಅಂಥ ಹೊತ್ತಿನಲ್ಲಿ ಹೆಂಡತಿ ಗಂಟೆಗಟ್ಟಲೆ ಕೂತು ತನಗೋಸ್ಕರ ಹೆಣೆದಿದ್ದಾಳೆ ಅಂದರೆ ಯಾವ ಗಂಡಸಿನ ತಲೆ ತಿರುಗುವುದಿಲ್ಲ? ತೋಂಟದಾರ್ಯರದೂ ತಿರುಗಿತು. ಸುಮ್ಮನೆ ಹಾಕಿಕೊಂಡು ಓಡಾಡಿದ್ದರೆ ಏನೂ ಆಗುತ್ತಿರಲಿಲ್ಲ. ಪಕ್ಕದ ಮನೆ ಸದಾಶಿವಯ್ಯ ಜಗಲಿಯಿಂದಲೇ ಕೂಗಿ ಕೇಳಿದರು ನೋಡಿ, ಅಲ್ಲಿ ಎಡವಟ್ಟಾಯಿತು.

"ಸ್ವೆಟರು ಭರ್ಜರಿಯಾಗೈತೆ ಕಣ್ರೀ ತೋಂಟದಾರ್ಯೋರೇ! ಅಮ್ಮಾರ ಹುಟ್ಟಿದಹಬ್ಬಕ್ಕೆ ನೀವೇನು ಕೊಡ್ತೀರಿ?"

"ನಾನೂ ಕೈಯಾರೆ ಮಾಡಿ ಕೊಡ್ತೀನಿ ಕಣ್ರೀ. ಕೊಬ್ಬರಿ ಕೆತ್ತಿ ಗಿಣಿ ಬಟ್ಟಲು ಮಾಡ್ತೀನಿ, ನೋಡ್ತಾ ಇರಿ!"

ಬಾಯಿಗೆ ಬಂದದ್ದನ್ನು ಅಂದುಬಿಟ್ಟರು. ಈ ಕಡೆ ಮದುವೆ, ಸೀಮಂತ ಅಂದರೆ ತಟ್ಟೆಯಲ್ಲಿ ಕೆತ್ತಿದ ಕೊಬ್ಬರಿ ಇರಲೇಬೇಕು. ಉಂಡೆ ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಕೆಳಗಿನ ಭಾಗ ಬಟ್ಟಲು, ಮೇಲಿನದು ಮುಚ್ಚಳ, ಮುಚ್ಚಳದ ಮೇಲೊಂದು ಗಿಣಿ. ಅದೆಲ್ಲ ತಾಳ್ಮೆಯ ಹೆಂಗಸರು ಸಣ್ಣ ಚಾಕು ಹಿಡಿದು ದಿನಗಟ್ಟಲೆ ಮಾಡುವ ಕೆಲಸ. ನಮ್ಮ ತೋಂಟದಾರ್ಯರ ಕೈಗೂ ಅದಕ್ಕೂ ಎಲ್ಲಿಯ ಸಂಬಂಧ!

ಒಳಗಿಂದ ವಿಮಲಮ್ಮ ಕೇಳಿಸಿಕೊಂಡು ನಕ್ಕೇಬಿಟ್ಟರು. "ನಿಮ್ಮ ಕೈಲಾ? ಕ್ಯಾಲೆಂಡರಿಗೆ ಮೊಳೆ ಹೊಡೀತೀನಿ ಅಂತ ಹೋಗಿ ಗಾರೆಯೆಲ್ಲ ಉದುರಿಸಿದ ಕೈ ಅದು. ಸಹಿ ಹಾಕೋದು ಬಿಟ್ಟು ಇನ್ನೇನು ಬರುತ್ತೆ ಅದಕ್ಕೆ?"

ತಮಾಷೆಗೆ ಅಂದದ್ದೇ. ಆದರೆ ತೋಂಟದಾರ್ಯರಿಗೆ ಚುರುಕ್ಕೆಂದಿತು. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು, ಈ ಹೆಂಗಸಿನ ಬಾಯಿಂದ ಒಂದು ಸಲ, ಒಂದೇ ಒಂದು ಸಲ, "ಪರವಾಗಿಲ್ಲ ಕಣ್ರೀ ನಿಮ್ಮ ಕೈ" ಅನ್ನಿಸಿಕೊಳ್ಳಬೇಕು ಅಂತ ಅವತ್ತೇ ತೀರ್ಮಾನಿಸಿದರು.

ಹೆಂಡತಿಯ ಹುಟ್ಟಿದಹಬ್ಬಕ್ಕೆ ಮೂರು ವಾರ ಇರುವಾಗ ಅಟ್ಟ ಹತ್ತಿದರು. ಅಲ್ಲಿ ವರ್ಷದಿಂದ ಒಣಗುತ್ತಿದ್ದ ಕಾಯಿಗಳ ರಾಶಿಯ ಹಿಂದೆ ಗುಟ್ಟಾಗಿ ಕೂತು ದಿನಾ ಬೆಳಿಗ್ಗೆ ಒಂದು ಗಂಟೆ ಕೆತ್ತನೆ. ಕೆಳಗಿನಿಂದ ವಿಮಲಮ್ಮ, "ಅಟ್ಟದ ಮೇಲೆ ಏನ್ರೀ ಅದು ಕರಕರ ಸದ್ದು?" ಅಂದರೆ, "ಇಲಿ ಕಣೇ, ನೋಡ್ತಾ ಇದೀನಿ" ಅನ್ನುವರು. ಹೀಗೆ ಏಳು ಕೊಬ್ಬರಿ ಹಾಳಾದವು. ಎಂಟನೆಯದರಲ್ಲಿ ಒಂದು ಗಿಣಿ ಮೂಡಿತು. ಅದು ಗಿಣಿ ಅಂತ ಗೊತ್ತಿದ್ದವರಿಗೆ ಗಿಣಿ, ಇಲ್ಲದವರಿಗೆ ಬದನೇಕಾಯಿ. ಇರಲಿ, ಪ್ರೀತಿಯಿಂದ ಮಾಡಿದ್ದಲ್ಲವೇ ಎಂದು ತೋಂಟದಾರ್ಯರು ಸಮಾಧಾನ ಮಾಡಿಕೊಂಡಿದ್ದರು.

ಹುಟ್ಟಿದಹಬ್ಬದ ದಿನ ಬಂತು. ವಿಮಲಮ್ಮನಿಗೆ ನಲವತ್ತೈದು ತುಂಬಿತು. ಬೆಳಿಗ್ಗೆ ಕೊನೆಯದಾಗಿ ಬಾಲ ತಿದ್ದೋಣವೆಂದು ತೋಂಟದಾರ್ಯರು ಅಟ್ಟ ಹತ್ತಿ, ಕತ್ತಲಲ್ಲಿ ಚಾಕುವಿಗೆ ತಡಕಾಡಿದರು. ಇಲಿಕಾಟ ಜಾಸ್ತಿಯಾಗಿದೆಯೆಂದು ವಿಮಲಮ್ಮ ಹಿಂದಿನ ದಿನವೇ ಅಲ್ಲಿ ಕಬ್ಬಿಣದ ಇಲಿಕತ್ತರಿ ಇಟ್ಟಿದ್ದರು. ಟಪ್ಪಂತ ಅದು ಯಜಮಾನರ ಹೆಬ್ಬೆರಳನ್ನೇ ಹಿಡಿಯಿತು. "ಅಯ್ಯಯ್ಯಪ್ಪೋ!" ಎಂದು ಕೈ ಒದರಿದ ರಭಸಕ್ಕೆ ಗಿಣಿ ಬಟ್ಟಲು ಅಟ್ಟದಿಂದ ಹಾರಿ, ಕೆಳಗಿನ ಒರಳುಕಲ್ಲಿನ ಮೇಲೆ ಬಿದ್ದು ನಾಲ್ಕು ಹೋಳಾಯಿತು.

"ಏನ್ರೀ ಅದು?" ಹಿತ್ತಲಿಂದ ವಿಮಲಮ್ಮ ಕೂಗಿದರು.

"ಇಲಿ ಸಿಕ್ಕಿತು ಕಣೇ!" ಎಂದರು ತೋಂಟದಾರ್ಯರು. ಅಟ್ಟದ ಮೇಲಿಂದ ಅವರು ಆಡಿದ ನಿಜವಾದ ಮಾತು ಅದೊಂದೇ.

ಹೋಳುಗಳನ್ನು ಜೇಬಿಗೆ ತುರುಕಿ, ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಾಗಿಲಿಗೆ ಬಂದರೆ ಸದಾಶಿವಯ್ಯನವರ ಹೆಂಡತಿ ದ್ರಾಕ್ಷಾಯಣಮ್ಮ ಎದುರಿಗೇ ನಿಂತಿದ್ದಾರೆ.

"ಸಾಯಂಕಾಲ ಆರು ಗಂಟೆಗೆ ಬೀದಿಯೋರಿಗೆಲ್ಲ ಹೇಳಿದೀನಿ ಕಣ್ರೀ, ನಿಮ್ಮ ಗಿಣಿ ನೋಡಾಕೆ. ನಮ್ಮೋರಂತೂ ಒಂದು ಹೂವೂ ತರಲ್ಲ, ನೀವಾದ್ರೂ ಇದೀರಲ್ಲ!" ಎಂದವರು ಬೆರಳು ನೋಡಿ ಲೊಚಗುಟ್ಟಿದರು. "ಅಯ್ಯೋ ಪಾಪ, ಕೆತ್ತಿ ಕೆತ್ತಿ ಬೆರಳು ಬೇರೆ ಕುಯ್ಕೊಂಡಿದೀರಲ್ಲ!"

ಇನ್ನು ಒಂದೇ ದಾರಿ. ಶೆಟ್ಟಿಕೆರೆಯಲ್ಲಿ ಗುರುಶಾಂತಮ್ಮ ಅನ್ನುವ ಮುದುಕಿ ಸುತ್ತ ಹತ್ತೂರಿನ ಮದುವೆಗಳಿಗೆ ಕೆತ್ತಿದ ಕೊಬ್ಬರಿ ಒದಗಿಸುತ್ತಾಳೆ. ಅವಳಿಂದ ಒಂದು ತಂದು ತನ್ನದೇ ಅಂತ ಇಟ್ಟುಬಿಡುವುದು. ಮನಸ್ಸು ಚುಚ್ಚಿತು, ಚುಚ್ಚಿದರೆ ಚುಚ್ಚಲಿ ಎಂದುಕೊಂಡು ಆಫೀಸಿಗೆಂದು ಹೊರಟು, ಸೈಕಲ್ಲನ್ನು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಬಿಟ್ಟು ಶೆಟ್ಟಿಕೆರೆ ಮೇಲೆ ಹೋಗುವ ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿದರು.

ಬಸ್ಸು ಹೊರಟು ಎರಡು ನಿಮಿಷವಾಗಿರಲಿಲ್ಲ, ಅವರದೇ ಬೀದಿಯ ಮೂಲೆಯ ಅರಳಿಕಟ್ಟೆಯ ಹತ್ತಿರ ಗಕ್ಕನೆ ನಿಂತಿತು. ಬೀದಿಯವರು ಯಾರಾದರೂ ಕಂಡರೆ ಮುಗೀತು ಕತೆ! ತೋಂಟದಾರ್ಯರು ಸರಕ್ಕನೆ ಬಗ್ಗಿ ಸೀಟಿನ ಕೆಳಗೆ ತಲೆ ತೂರಿಸಿದರು.

"ಏನ್ ಬಿದ್ದೋಯ್ತು ಸ್ವಾಮಿ?" ಕಂಡಕ್ಟರ್ ದುರ್ಗಯ್ಯ ಕೇಳಿದ.

"ನಾಲ್ಕಾಣೆ ಕಣಪ್ಪ."

"ಎಲ್ಲಾರೂ ಕಾಲೆತ್ರಪ್ಪೋ! ಯಜಮಾನ್ರ ನಾಲ್ಕಾಣೆ ಬಿದ್ದೈತೆ!"

ಇಡೀ ಬಸ್ಸು ಕಾಲೆತ್ತಿ ಹುಡುಕತೊಡಗಿತು. ಒಬ್ಬ ಅಜ್ಜಿ ತನ್ನ ಚೀಲವನ್ನೆಲ್ಲ ಕೊಡವಿದಳು. ಕಿಟಕಿಯಿಂದ ಯಾರೋ ಯಾರಿಗೋ ಏನೋ ಕೊಟ್ಟರು, ಯಾರೋ ಹತ್ತಿದರು, ಯಾರೋ ಇಳಿದರು. ತೋಂಟದಾರ್ಯರಿಗೆ ಕಂಡದ್ದು ಬರೀ ಪಾದಗಳು. ಬಸ್ಸು ಊರು ದಾಟಿದ ಮೇಲೆ ತಾವೇ ಜೇಬಿನಿಂದ ನಾಲ್ಕಾಣೆ ತೆಗೆದು "ಸಿಕ್ತು, ಸಿಕ್ತು" ಎಂದು ಎದ್ದು ಕೂತರು.

ಶೆಟ್ಟಿಕೆರೆಯಲ್ಲಿ ಇಳಿಯುವಾಗ ಗುರುಶಾಂತಮ್ಮನ ಮನೆ ಎಲ್ಲಿ ಅಂತ ಕೇಳಿದ್ದೇ ತಡ, ದುರ್ಗಯ್ಯ ಡ್ರೈವರ್ ಪಕ್ಕದಿಂದ ಒಂದು ತಗಡಿನ ಬಿಸ್ಕತ್ ಡಬ್ಬ ಎತ್ತಿ ಅವರ ಕೈಗಿಟ್ಟ. "ಅಲ್ಲಿಗೇ ಹೋಗ್ತೀರಾ? ಹಂಗಾರೆ ಇದನ್ನೂ ಆವಮ್ಮಂಗೆ ಕೊಟ್ಬುಡಿ ಸ್ವಾಮಿ, ಪುಣ್ಯ ಬತ್ತದೆ. ಹುಷಾರು, ಕುಲುಕಬ್ಯಾಡಿ!"

ಹೆಡ್ ಗುಮಾಸ್ತನ ಕೈಲಿ ಕೂಲಿ ಮಾಡಿಸ್ತಾನಲ್ಲ ಎಂದು ಗೊಣಗುತ್ತ ತೋಂಟದಾರ್ಯರು ಡಬ್ಬ ಹೊತ್ತು ನಡೆದರು.

ಗುರುಶಾಂತಮ್ಮ ದಾರ ಕಟ್ಟಿದ ಕನ್ನಡಕ ಏರಿಸಿಕೊಂಡು ಡಬ್ಬದ ಮುಚ್ಚಳ ತೆಗೆದಳು. ಒಳಗೆ ಹತ್ತಿಯ ನಡುವೆ ಹಾಲಿನಷ್ಟು ಬೆಳ್ಳಗಿನ ಕೊಬ್ಬರಿ ಬಟ್ಟಲು; ಅಂಚಿಗೆ ಮಲ್ಲಿಗೆ ಬಳ್ಳಿ, ಮುಚ್ಚಳದ ಮೇಲೆ ಕೆಂಪು ಕೊಕ್ಕಿನ ಗಿಣಿ, ಈಗ ಹಾರುತ್ತೇನೋ ಅನ್ನುವ ಹಾಗೆ. ತೋಂಟದಾರ್ಯರು ಎರಡೂ ಕೈ ಚಾಚಿದರು.

"ಅವ್ವಾ, ಇದೇ ಬೇಕು ನಂಗೆ."

"ಇದು ಮದ್ವೆ ಮನೆಯೋರ್ದು ಕಣಪ್ಪ. ಸೋಮವಾರ ಬತ್ತಾರೆ."

"ನನ್ನ ಮಾನ ಉಳಿಸವ್ವಾ. ನನ್ನ ಹೆಂಡ್ತಿ ಹುಟ್ಟಿದಹಬ್ಬ ಇವತ್ತು."

ಮುದುಕಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಬೋಳುತಲೆ, ಬೆರಳಿಗೆ ಬಟ್ಟೆ, ಕಣ್ಣಲ್ಲಿ ನೀರು. "ಈ ವಯಸ್ಸಿನ ಗಂಡಸು ಹೆಂಡ್ತಿಗೆ ಅಂತ ಹಿಂಗೆ ಗೋಗರೆಯಾದು ನಾನಂತೂ ಕಂಡಿಲ್ಲ ಬುಡು. ತಗಂಡೋಗು. ಮದ್ವೆ ಮನೆಗೆ ಇನ್ನೊಂದು ಮಾಡಿಸ್ತೀನಿ. ನಂಗೆ ಕಣ್ಣು ಮಂಜಾಗಿ ಎರಡು ವರ್ಷ ಆಯ್ತು, ಇದನ್ನ ಕೆತ್ತಿದ್ದು ಯಾರು ಗೊತ್ತಾ..."

"ಯಾರಾದ್ರೇನವ್ವಾ!" ತೋಂಟದಾರ್ಯರು ಬಸ್ ಚಾರ್ಜು ಬಿಟ್ಟು ಜೇಬಿನಲ್ಲಿದ್ದ ದುಡ್ಡನ್ನೆಲ್ಲ ಅವಳ ಮುಂದೆ ಸುರಿದು, ಡಬ್ಬ ಅಲ್ಲೇ ಬಿಟ್ಟು ಬಟ್ಟಲನ್ನಷ್ಟೇ ಎತ್ತಿಕೊಂಡು ಆಗಲೇ ಹೊಸ್ತಿಲು ದಾಟಿದ್ದರು. "ಇವತ್ತು ಸಾಯಂಕಾಲಕ್ಕೆ ಕೆತ್ತಿದ್ದು ನಾನೇ!"

ವಾಪಸು ಬಸ್ಸು ಬಂದದ್ದು ಮೂರೂವರೆಗೆ, ಕಾಲಿಡಲು ಜಾಗವಿಲ್ಲ. ಗಿಣಿಗೆ ಪೆಟ್ಟಾಗದಿರಲೆಂದು ತೋಂಟದಾರ್ಯರು ಸ್ವೆಟರು ಬಿಚ್ಚಿ ಅದರಲ್ಲಿ ಬಟ್ಟಲನ್ನು ಸುತ್ತಿ ಎದೆಗೆ ಅವಚಿಕೊಂಡು ನಿಂತರು. ಪಕ್ಕದವನ ಕಂಕುಳಲ್ಲಿ ಒಂದು ಆಡುಮರಿ ಇತ್ತು. ಅದಕ್ಕೆ ಕೊಬ್ಬರಿಯ ವಾಸನೆ ಬಡಿಯಿತೋ ಏನೋ, ಮೂತಿ ಚಾಚಿತು. ಇವರು ಗಂಟನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿ ಹಿಡಿದರು. ತಿಪಟೂರಿನವರೆಗೂ ಹಾಗೇ, ದೇವರ ಕಳಶ ಹೊತ್ತವರ ಹಾಗೆ. ಗಿಣಿ ಉಳಿಯಿತು. ಇಳಿದಮೇಲೆ ನೋಡಿದರೆ, ಕೆಳಗೆ ಜೋತುಬಿದ್ದಿದ್ದ ಸ್ವೆಟರಿನ ಒಂದು ತೋಳು ಮೊಣಕೈವರೆಗೆ ಆಡುಮರಿಯ ಹೊಟ್ಟೆ ಸೇರಿತ್ತು.

ತೋಂಟದಾರ್ಯರಿಗೆ ಅಲ್ಲೇ ಅಳು ಬಂತು. ಆದರೆ ಅಳಲು ಪುರಸೊತ್ತಿರಲಿಲ್ಲ, ಗಂಟೆ ಐದೂವರೆ.

ಆರಕ್ಕೆ ನಡುಮನೆಯ ತುಂಬಾ ಜನ. ವಿಮಲಮ್ಮ ಹೊಸ ಸೀರೆಯುಟ್ಟು, ಸಂಕೋಚದಿಂದ ಎಲ್ಲರಿಗೂ ಕೊಬ್ಬರಿ ಮಿಠಾಯಿ ಹಂಚುತ್ತಿದ್ದರು. ತೋಂಟದಾರ್ಯರು ಕೋಣೆಯಿಂದ ಬಂದು, ಟವಲು ಮುಚ್ಚಿದ ತಟ್ಟೆಯನ್ನು ಅವರ ಕೈಗಿಟ್ಟರು.

ವಿಮಲಮ್ಮ ಟವಲು ಸರಿಸಿದವರು ಕಲ್ಲಿನ ಹಾಗೆ ನಿಂತುಬಿಟ್ಟರು. ಆಮೇಲೆ ತಟ್ಟೆಯನ್ನು ದೀಪದ ಹತ್ತಿರ ಹಿಡಿದು ಗಿಣಿಯನ್ನು ಬಗ್ಗಿ ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಲುಕತೊಡಗಿತು, ಕಣ್ಣಲ್ಲಿ ಧಾರಾಕಾರ ನೀರು.

"ಅಳ್ತಾವ್ರೆ ಪಾಪ!" ದ್ರಾಕ್ಷಾಯಣಮ್ಮ ತಾವೂ ಕಣ್ಣೊರೆಸಿಕೊಂಡರು.

"ರೀ," ವಿಮಲಮ್ಮ ಕಷ್ಟಪಟ್ಟು ಮಾತಾಡಿದರು, "ಈ ರೆಕ್ಕೆ ಗೆರೆ ಇಷ್ಟು ಸಣ್ಣಗೆ ಹೆಂಗೆ ತೆಗೆದ್ರಿ?"

"ಅದಾ? ಚಾಕು ಸ್ವಲ್ಪ ಓರೆಯಾಗಿ ಹಿಡೀಬೇಕು, ಅಷ್ಟೇ."

"ಕೊಕ್ಕು?"

"ಕೊಕ್ಕು ಒಂದೇ ಏಟಿಗೆ ಬಂದ್ಬಿಡ್ತು ಕಣೇ."

ವಿಮಲಮ್ಮ ಮತ್ತೆ ಸೆರಗಿನೊಳಗೆ ಮುಖ ಹುದುಗಿಸಿದರು. ಸದಾಶಿವಯ್ಯ ಎದ್ದು ನಿಂತು ತೋಂಟದಾರ್ಯರ ಗಾಯದ ಬೆರಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ನೋಡ್ರಪ್ಪಾ, ರಕ್ತ ಸುರಿಸಿ ಮಾಡಿದ್ದು!"

"ಹಂಗಾರೆ ಮುಂದಿನ ತಿಂಗಳು ನಮ್ಮ ಹುಡುಗಿ ಮದುವೆಗೆ ಐದು ಜೊತೆ ನೀವೇ ಮಾಡ್ಕೊಡಬೇಕು," ಅಂದರು ದ್ರಾಕ್ಷಾಯಣಮ್ಮ.

ತೋಂಟದಾರ್ಯರು ಸ್ವೆಟರಿಲ್ಲದೆಯೂ ಬೆವೆತರು. "ಅಯ್ಯೋ, ನಂಗೆ ಆಫೀಸು..."

"ಅದಕ್ಕೇನು, ಮಾಡ್ಕೊಡ್ತಾರೆ ಬಿಡ್ರೀ," ಎಂದರು ವಿಮಲಮ್ಮ. "ನಮ್ಮೋರ ಕೈ ಅಂಥಾ ಕೈ ಈ ತಾಲ್ಲೂಕಿನಲ್ಲೇ ಇಲ್ಲ."

ಇಪ್ಪತ್ತಾರು ವರ್ಷ ಕಾದ ಮಾತು. ಬೀದಿಯವರೆಲ್ಲರ ಮುಂದೆ, ಕೇಳಿದ್ದಕ್ಕಿಂತ ಜಾಸ್ತಿಯೇ ಸಿಕ್ಕಿತು. ಬೇರೆಯವರ ಎಲೆಯ ಊಟ ಉಂಡವರ ಹಾಗೆ ತೋಂಟದಾರ್ಯರು ತಲೆ ತಗ್ಗಿಸಿ ಕೂತರು.

ಎಲ್ಲರೂ ಹೋದ ಮೇಲೆ ಅವರಿಗೆ ತಡೆಯಲಾಗಲಿಲ್ಲ. "ವಿಮಲಾ, ಒಂದು ಮಾತು ಹೇಳ್ಬೇಕು ಕಣೇ. ಆ ಗಿಣಿ..." ಎನ್ನುವಷ್ಟರಲ್ಲಿ ಬಾಗಿಲಲ್ಲಿ ದನಿ ಕೇಳಿತು.

"ಅಮ್ಮಾರೇ! ಖಾಲಿ ಡಬ್ಬ ತಗಳಿ." ಕಂಡಕ್ಟರ್ ದುರ್ಗಯ್ಯ! ಕೈಯಲ್ಲಿ ಅದೇ ತಗಡಿನ ಬಿಸ್ಕತ್ ಡಬ್ಬ. "ಗುರುಶಾಂತವ್ವ ಹೇಳಿ ಕಳಿಸೈತೆ. ಬೆಳಿಗ್ಗೆ ಅರಳಿಕಟ್ಟೆ ತಾವ ನೀವು ಕೊಟ್ರಲ್ಲ ಗಿಣಿ, ಅದನ್ನ ಯಾರೋ ಬೋಳುತಲೆ ಯಜಮಾನ್ರು ಅತ್ತೂ ಕರೆದೂ ತಗಂಡೋದ್ರಂತೆ. ಸೋಮವಾರದೊಳಗೆ ಅಂಥದೇ ಇನ್ನೊಂದು ಕೆತ್ತಿಕೊಡ್ಬೇಕಂತೆ." ಅಷ್ಟರಲ್ಲಿ ಒಳಗೆ ಕಣ್ಣು ಹಾಯಿಸಿದ. "ಓಹೋ, ಇಲ್ಲೇ ಅವ್ರಲ್ಲ! ನಾಲ್ಕಾಣೆ ಸ್ವಾಮಿ!"

ದುರ್ಗಯ್ಯ ಹೋದ. ತೋಂಟದಾರ್ಯರ ಬಾಯಿ ಮಾತ್ರ ತೆರೆದೇ ಇತ್ತು.

"ಕೊಕ್ಕು ಒಂದೇ ಏಟಿಗೆ ಬಂತಾ?" ವಿಮಲಮ್ಮ ತಟ್ಟೆಯನ್ನು ಅವರ ಮುಂದಿಟ್ಟರು. "ಮೊನ್ನೆ ಅದು ಮುರಿದುಹೋಗಿ, ಬೆಲ್ಲದ ಪಾಕದಲ್ಲಿ ಅಂಟಿಸಿದ್ದೆ. ನೋಡಿ." ಗಿಣಿಯ ಕೊಕ್ಕಿನ ಸುತ್ತ ಇರುವೆಗಳು ಸಾಲುಗಟ್ಟಿದ್ದವು.

"ನೀನು... ಯಾವಾಗಿಂದ?"

"ಮಕ್ಕಳು ಹೋದ ಮೇಲೆ. ನೀವು ಆಫೀಸಿಗೆ ಹೋದ್ರೆ ಮನೆ ಬಿಕೋ ಅನ್ನೋದು. ನಿಮ್ಮ ಸ್ವೆಟರಿನ ಉಲ್ಲನ್ನಿಗೆ ದುಡ್ಡು ಮತ್ತೆ ಎಲ್ಲಿಂದ ಬಂತು ಅಂದ್ಕೊಂಡಿದ್ರಿ?"

ತೋಂಟದಾರ್ಯರು ಕೋಣೆಗೆ ಹೋಗಿ, ಒಂದೂವರೆ ತೋಳಿನ ಸ್ವೆಟರು ತಂದು ಹೆಂಡತಿಯ ಮಡಿಲಲ್ಲಿ ಇಟ್ಟರು.

"ಇದೂ ಇಲಿನಾ?"

"ಅಲ್ಲ ಕಣೇ. ಆಡುಮರಿ."

ಈ ಸಲ ವಿಮಲಮ್ಮ ಬಾಯಿ ಮುಚ್ಚಿಕೊಳ್ಳದೆ ನಕ್ಕರು, ನಕ್ಕು ನಕ್ಕು ಗೋಡೆಗೊರಗಿದರು.

"ಎಲ್ಲರ ಮುಂದೆ ಯಾಕೆ ಹೇಳಲಿಲ್ಲ?" ತೋಂಟದಾರ್ಯರ ದನಿ ಸಣ್ಣಗಾಗಿತ್ತು.

"ಹೇಳಿ? ಇಲಿ ಸಿಕ್ತು ಅಂದ್ರಲ್ಲ, ಆಮೇಲೆ ಅಟ್ಟ ಹತ್ತಿ ನೋಡಿದ್ರೆ ಇಲಿಯಲ್ಲ, ಏಳು ಹಾಳು ಕೊಬ್ಬರಿ! ಮೂರು ವಾರ ನನಗೋಸ್ಕರ ಇಲಿಯಾಗಿ ಅಟ್ಟದಲ್ಲಿ ಕೂತವರನ್ನ ನಾನು ಬಿಟ್ಟುಕೊಡ್ಲಾ? ನನಗೆ ಅಷ್ಟು ಸಾಕು ಕಣ್ರೀ." ವಿಮಲಮ್ಮ ಕಣ್ಣೊರೆಸಿಕೊಂಡು ಎದ್ದರು. ಅಕ್ಕಿ ಡಬ್ಬದ ಹಿಂದಿನಿಂದ ಪುಟ್ಟ ಚಾಕು, ಒಂದು ಉಂಡೆ ಕೊಬ್ಬರಿ ತಂದು ಗಂಡನ ಮುಂದೆ ಮಣೆ ಹಾಕಿದರು. "ಗುರುಶಾಂತಮ್ಮಂದು ಒಂದು, ದ್ರಾಕ್ಷಾಯಣಮ್ಮೋರದು ಐದು ಜೊತೆ. ಒಪ್ಪಿಕೊಂಡಿದ್ದು ನಿಮ್ಮ ಹೆಸರಲ್ಲಿ. ನಾನು ತೋಳು ಹೆಣೀತೀನಿ, ನೀವು ಸಿಪ್ಪೆ ಹೆರೀರಿ. ದಿನಾ ಆಫೀಸಿಂದ ಬಂದ ಮೇಲೆ."

ತೋಂಟದಾರ್ಯರು ಕೂತರು. ಚಾಕು ಓರೆಯಾಗಿ ಹಿಡಿದರು. ಎರಡನೇ ಸಲ ಎಳೆಯುತ್ತಲೇ ಕೊಬ್ಬರಿ ಕೈಜಾರಿ, ಉರುಳಿಹೋಗಿ ಹೊಸ್ತಿಲಿಗೆ ಬಡಿದು ಫಟ್ಟನೆ ಸೀಳಿತು.

"ಏನ್ರೀ ಅದು ಸದ್ದು?" ಪಕ್ಕದ ಜಗಲಿಯಿಂದ ಸದಾಶಿವಯ್ಯ ಕೂಗಿದರು.

ವಿಮಲಮ್ಮ ಹೆಣಿಗೆ ಕಡ್ಡಿಯಿಂದ ತಲೆ ಎತ್ತದೆ ಉತ್ತರ ಕೊಟ್ಟರು.

"ಏನಿಲ್ಲ ಕಣ್ರೀ, ಇಲಿ!"